ತಂತ್ರಾಂಶಕ್ಕೊಂದು ಸಮುದಾಯ

ಕೆಟ್ಟುಹೋದ ಯಂತ್ರ ಯಾವ ಕಾಯ್ದೆಯನ್ನೂ ಮುರಿಯುವುದಿಲ್ಲ ಎಂಬುದು ಸರ್ವರೂ ಒಪ್ಪಿದ ಸಂಗತಿ. ಕೊಳಕೂರಿನ ಗ್ರಂಥಾಲಯದ ಟ್ಯಾಬ್ಲೆಟ್‌ಗಳು ಕೆಟ್ಟು ಕಪಾಟಿನಲ್ಲಿ ಮಲಗಿದ್ದಷ್ಟು ಕಾಲ ಅವುಗಳ ಮೇಲೆ ಯಾರ ದೂರೂ ಇರಲಿಲ್ಲ. ಮಾಡಿ ಮಾರಿದ ಕಂಪನಿಯೇ, ಮಾದರಿ ಹಳೆಯದಾಯಿತು, ಇದರ ತಂತ್ರಾಂಶವನ್ನು ಇನ್ನು ನವೀಕರಿಸುವುದಿಲ್ಲ ಎಂದು ಕೈತೊಳೆದುಕೊಂಡಿತ್ತು. ತೊಂದರೆ ಶುರುವಾದದ್ದು ಗ್ರಂಥಪಾಲಕಿ ಶೈಲಶ್ರೀ ಅವುಗಳಿಗೆ ಜೀವ ಬರಿಸಿದ ಮೇಲೆ.

ಉಪಾಯ ಹೇಳಿದವಳು ಆಕೆಯ ತಂಗಿಯ ಗೆಳತಿ ನೂರೀನ. ಅಫಜಲಪುರದವಳು, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಮುಕ್ತವಾಗಿ ಸಿಗುವ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ದೇಶ ದೇಶದ ಜನ ಸೇರಿ ತಿದ್ದಿ, ಹಳೆಯ ಯಂತ್ರಗಳಿಗೆ ಒಗ್ಗಿಸಿ, ಬೇಕಾದವರು ಹಾಕಿಕೊಳ್ಳಲಿ ಎಂದು ಬಿಟ್ಟಿದ್ದರು.

"ಇದು ಕಳವಿನ ಮಾಲಲ್ಲ ಹೌದಿಲ್ಲೋ?" ಶೈಲಶ್ರೀ ಕೇಳಿದ್ದಳು.

"ಪರವಾನಗಿ ಅದ ಅಕ್ಕಾ. ನಕಲು ಮಾಡಬಹುದು, ತಿದ್ದಬಹುದು, ಮಂದಿಗೆ ಕೊಡಬಹುದು. ಕೊಟ್ಟರ ಇದೇ ಶರತ್ತಿನ ಮ್ಯಾಲ ಕೊಡಬೇಕು, ಅಷ್ಟ. ಕ್ಯಾಮೆರಾ ನಡಸೂ ತುಣುಕೊಂದು ಕಂಪನಿ ಸ್ವಂತದ್ದು. ಅದನ್ನ ನಾವು ಮುಟ್ಟೂದಿಲ್ಲ."

ಹೀಗಾಗಿ ಕ್ಯಾಮೆರಾ ಹೋಯಿತು, ಉಳಿದದ್ದೆಲ್ಲ ಬಂತು. ಕಣ್ಣು ಮಂಜಾಗಿದ್ದ ಹಣಮವ್ವ ದಿನಾ ಮಧ್ಯಾಹ್ನ ಬಂದು ಟ್ಯಾಬ್ಲೆಟ್ ಓದುವ ವಚನಗಳನ್ನು ಕೇಳತೊಡಗಿದಳು. "ದನಿ ಒಂದೀಟು ಮೂಗಿನ್ಯಾಗಿಂದ ಬರ್ತದ. ಆದ್ರ ನಮ್ಮ ಸೊಸಿ ಹಂಗ ನಡುವ ಬಿಟ್ಟು ಏಳೂದಿಲ್ಲ" ಎಂದು ಮೆಚ್ಚಿಕೊಂಡಳು.

ಹೊಸ ಟ್ಯಾಬ್ಲೆಟ್ ಪೂರೈಸುವ ಗುತ್ತಿಗೆಗಾಗಿ ಕಾದಿದ್ದ ಜೇವರ್ಗಿಯ ವ್ಯಾಪಾರಿ ದೌಲತರಾಯರಿಗೆ ಹಳೆಯವು ಎದ್ದು ಕೂತ ಸುದ್ದಿ ಕೇಳಿದ್ದೇ ಕಾನೂನಿನ ಮೇಲೆ ಕಾಳಜಿ ಹುಟ್ಟಿತು. ಅವರು ಅಲ್ಲಿನ ತಂತ್ರಾಂಶ ಶುದ್ಧತಾ ಕಚೇರಿಗೆ, ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಿದೆ ಎಂದು ದೂರಿತ್ತರು. ಕಚೇರಿ ತಡಮಾಡಲಿಲ್ಲ. "ಸದರಿ ಯಂತ್ರಗಳು ಪೂರ್ವಾನುಮತಿಯಿಲ್ಲದೆ ಸುಸ್ಥಿತಿಯಲ್ಲಿರುವುದು ಕಂಡುಬಂದಿದ್ದು, ಅವುಗಳನ್ನು ಜಪ್ತಿ ಮಾಡಲಾಗಿದೆ" ಎಂದು ಗ್ರಂಥಾಲಯದ ಬಾಗಿಲಿಗೆ ಪ್ರಕಟಣೆ ಅಂಟಿಸಿತು.

ಮರುದಿನ ಹಣಮವ್ವ ಬಂದು ಖಾಲಿ ಮೇಜಿನ ಮುಂದೆ ಎಂದಿನಂತೆ ಕೂತಳು. ತುಸು ಹೊತ್ತು ಕಾದು, "ಯಾಕ ಯವ್ವಾ, ಇವತ್ತ ಮಾತಾಡವಲ್ದು?" ಎಂದಳು. ಶೈಲಶ್ರೀ ಪುಸ್ತಕ ತೆಗೆದು ತಾನೇ ಓದಿದಳು. ನಡುವೆ ಓದುಗರು ಬಂದಾಗ ಬಿಟ್ಟು ಏಳಬೇಕಾಯಿತು. ಸಂಜೆ ನೂರೀನಳಿಗೆ ಫೋನು ಮಾಡಿ, ಇಬ್ಬರೂ ಕೂಡಿ ಜೇವರ್ಗಿಯ ಕಚೇರಿಗೆ ಹೋಗುವುದೆಂದು ನಿಶ್ಚಯಿಸಿದಳು.

ಅಧಿಕಾರಿ ಅಣ್ಣಾರಾಯರು ಸಜ್ಜನರು. ಚಹಾ ತರಿಸಿದರು.

"ಈ ತಂತ್ರಾಂಶದ ಮಾಲಕ್ ಯಾರ್ರಿ?"

"ಒಬ್ಬರಲ್ರಿ ಸರ್," ಎಂದಳು ನೂರೀನ. "ಇದನ್ನ ಬರದವರೆಲ್ಲರದೂ ಹಕ್ಕು ಅದ. ಎಲ್ಲಾರೂ ಕೂಡಿ ಪರವಾನಗಿ ಕೊಟ್ಟಾರ. ಇದು ಸಮುದಾಯದ್ದರಿ."

ಅಣ್ಣಾರಾಯರ ಮುಖ ಅರಳಿತು. ಇಷ್ಟು ಹೊತ್ತು ಅರ್ಥವಾಗದ ವಿಷಯ ಕಡೆಗೂ ಅವರಿಗೆ ಗೊತ್ತಿದ್ದ ದಾರಿಗೆ ಬಂದಿತ್ತು.

"ಯಾವ ಸಮುದಾಯ?"

"ಹಂಗಲ್ರಿ ಸರ್..."

"ಹೇಳಾಕ ನಾಚಿಕಿ ಯಾಕ ತಂಗಿ? ಸರಕಾರಕ್ಕ ಎಲ್ಲಾ ಸಮುದಾಯನೂ ಒಂದೇ. ಪ್ರಮಾಣಪತ್ರ ತರ್ರಿ, ಮುಗೀತು."

"ಅವರು ಊರಾಗಿಲ್ರಿ," ಶೈಲಶ್ರೀ ಬಾಯಿ ಹಾಕಿದಳು. "ಜಗತ್ತಿನ ತುಂಬ ಅದಾರ."

"ಗುಳೇ ಹೋಗ್ಯಾರೇನು?" ಅಣ್ಣಾರಾಯರ ದನಿಯಲ್ಲಿ ಕನಿಕರವಿತ್ತು. "ಇಲ್ಲೇ ಇದ್ದವರು ಯಾರೂ ಇಲ್ಲೇನು?"

ಸರಿಯಾಗಿ ಮೂಡದ ಒಂದು ಕನ್ನಡ ಒತ್ತಕ್ಷರವನ್ನು ತಾನು ತಿದ್ದಿ ಕಳಿಸಿದ್ದುಂಟು ಎಂದು ನೂರೀನ ಒಪ್ಪಿಕೊಂಡಳು. ಕೂಡಲೇ ಆಕೆ ಸಮುದಾಯದ ಸ್ಥಳೀಯ ಸದಸ್ಯಳೆಂದು ದಾಖಲಾಯಿತು. ಮನೆ ಅಫಜಲಪುರದಲ್ಲಿದ್ದುದರಿಂದ ಕಡತ ಅಲ್ಲಿನ ಶಾಖೆಗೆ ಹೋಯಿತು. ಅಕ್ಷರ ತಿದ್ದುವಾಗ ಆಕೆ ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೂತಿದ್ದಳಾಗಿ, ಅಲ್ಲಿಂದ ಆಳಂದದ ಶಾಖೆಗೆ ಬಂತು. ಆಳಂದದವರು ಮೂಲಭೂತ ಲೋಪವನ್ನೇ ಹಿಡಿದರು. ಈ ಸಮುದಾಯಕ್ಕೆ ಸಮುದಾಯ ಭವನವಿಲ್ಲ. ಭವನವಿಲ್ಲದ ಸಮುದಾಯ ಅಸ್ತಿತ್ವದಲ್ಲಿಲ್ಲ, ಅಸ್ತಿತ್ವದಲ್ಲಿಲ್ಲದವರು ಕೊಟ್ಟ ಪರವಾನಗಿ ನಡೆಯುವುದಿಲ್ಲ. ಆದ್ದರಿಂದ ಕೊಳಕೂರಿನಲ್ಲಿ ಭವನವೊಂದನ್ನು ಕಟ್ಟಿಸತಕ್ಕದ್ದು.

"ಭವನ ಬ್ಯಾಡ್ರಿ ಸರ್," ಶೈಲಶ್ರೀ ಅಣ್ಣಾರಾಯರ ಮುಂದೆ ಕೈಮುಗಿದಳು. "ನಮ್ಮ ಟ್ಯಾಬ್ಲೆಟ್ ಕೊಡ್ರಿ, ಸಾಕು."

"ಟ್ಯಾಬ್ಲೆಟ್ ಕೊಡಾಕ ನನಗ ಅಧಿಕಾರ ಇಲ್ಲ ತಂಗಿ. ಭವನ ಕೊಡಾಕ ಅದ."

ಕಟ್ಟುವ ಗುತ್ತಿಗೆ ದೌಲತರಾಯರಿಗೆ ಸಿಕ್ಕಿತು. ಹಕ್ಕುಸ್ವಾಮ್ಯದ ಬಗ್ಗೆ ಅವರಿಗಿದ್ದ ಸಂಶಯ ಅಂದೇ ನಿವಾರಣೆಯಾಯಿತು. ದೂರು ಹಿಂಪಡೆದು, ಈ ಸಮುದಾಯದವರು ತಮ್ಮ ಅಜ್ಜನ ಕಾಲದಿಂದಲೂ ಇಲ್ಲಿ ಎಲ್ಲರೊಡನೆ ಹೊಂದಿಕೊಂಡು ಬಾಳಿದವರೆಂದು ಹೇಳಿಕೆ ಕೊಟ್ಟರು. ಉದ್ಘಾಟನೆಯ ದಿನ ನೂರೀನ ಅವಿರೋಧವಾಗಿ ಸಮುದಾಯದ ಅಧ್ಯಕ್ಷೆಯಾದಳು. ಆಕೆ ಅಂದು ಪರೀಕ್ಷೆ ಬರೆಯುತ್ತಿದ್ದುದರಿಂದ ವಿರೋಧಿಸುವುದು ಆಕೆಗೂ ಆಗಲಿಲ್ಲ.

ಟ್ಯಾಬ್ಲೆಟ್‌ಗಳು ಮರಳಿದವು, ಜೊತೆಗೊಂದು ಆದೇಶವೂ ಬಂತು. ಸಮುದಾಯದ ತಂತ್ರಾಂಶವನ್ನು ಸಮುದಾಯ ಭವನದ ಹೊರಗೆ ಬಳಸಿದರೆ ಅದು ಕಾನೂನುಬಾಹಿರ. ಶೈಲಶ್ರೀ ದಿನಾ ಮಧ್ಯಾಹ್ನ ಟ್ಯಾಬ್ಲೆಟ್‌ಗಳನ್ನು ಚೀಲದಲ್ಲಿ ಹೊತ್ತು ಭವನಕ್ಕೆ ಹೋಗತೊಡಗಿದಳು. ಲಗ್ನವಿದ್ದ ದಿನ ಓದುಗರನ್ನು ಅಡಿಗೆಮನೆಯ ಮೂಲೆಯಲ್ಲಿ ಕೂಡಿಸುತ್ತಾರೆ. ಹಣಮವ್ವನದು ತಕರಾರಿಲ್ಲ. ವಚನ ಮುಗಿಯುವ ಹೊತ್ತಿಗೆ ಹುಗ್ಗಿ ಸಿಗುತ್ತದೆ.

ಬಂದವರಿಗೆಲ್ಲ ಇದು ಜಾತಿಯಲ್ಲ, ತಂತ್ರಾಂಶ ಎಂದು ಮೊದಮೊದಲು ಶೈಲಶ್ರೀ ಬಿಡಿಸಿ ಹೇಳುತ್ತಿದ್ದಳು. ಈಗ ಬಿಟ್ಟಿದ್ದಾಳೆ. ಮೊನ್ನೆ ಲಗ್ನಕ್ಕೆ ಬಂದಿದ್ದ ಕಿಣ್ಣಿ ಸುಲ್ತಾನದ ಧರ್ಮಣ್ಣ ಭವನವನ್ನೆಲ್ಲ ಸುತ್ತಿ ನೋಡಿ ಆಕೆಯ ಬಳಿ ಬಂದು ಕೂತ.

"ಇದನ್ನ ಕಟ್ಟಿಸಿದ ಮಂದಿ ಭಾಳ ಚಲೋ ಇದ್ದಂಗ ಕಾಣ್ತಾರ. ನಮ್ಮ ಹುಡುಗಗ ಅವರೊಳಗ ಒಂದು ಕನ್ಯಾ ಸಿಕ್ಕೀತೇನ್ರಿ ಬಾಯಾರ?"

"ಹುಡುಗ ಹೆಂಗ ಅದಾನ್ರಿ?"

"ಚಲೋನೇ ಅದಾನ. ಸ್ವಲ್ಪ ಜಡ. ಹೇಳಿದ್ದು ತಲಿಗೆ ಹೋಗಾಕ ಹೊತ್ತ ಹಿಡೀತದ."

"ಚಿಂತಿ ಬ್ಯಾಡ್ರಿ. ಅಂಥವರನ್ನ ತಿದ್ದೂದೇ ಅವರ ಕೆಲಸ."

"ಕೊಡೂದು ತಗೋಳೂದು?"

"ಎಲ್ಲಾ ಪುಕ್ಕಟೆ ಕೊಡ್ತಾರ್ರಿ. ಆದ್ರ ಒಂದು ಶರತ್ತು. ನಾಳೆ ನೀವೂ ಬ್ಯಾರೆಯವರಿಗೆ ಹಂಗೇ ಪುಕ್ಕಟೆ ಕೊಡಬೇಕು."

ಧರ್ಮಣ್ಣ ಬಹಳ ಹೊತ್ತು ಗದ್ದ ಕೆರೆದುಕೊಂಡ. "ಶರತ್ತು ಒಂದೀಟು ಬಿಗಿ ಆತು ನೋಡ್ರಿ" ಎಂದ. "ಮನ್ಯಾಗ ಕೇಳಿ ಹೇಳ್ತೇನಿ." ಆಮೇಲೆ ಎದ್ದು ಊಟದ ಪಂಕ್ತಿಯಲ್ಲಿ ಹೋಗಿ ಕೂತ.