ಉಣುಗೋಲು ಸಿಕ್ಕಿದ ದಿನ

ಹೊಸ ಪದ ಹುಡುಕುವ ಹವ್ಯಾಸದಿಂದ ಲೋಕದಲ್ಲಿ ಯಾರಿಗೂ ಕೇಡಾದದ್ದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಇಸ್ಪೀಟಿನಿಂದ ಮನೆ ಹಾಳಾಗಬಹುದು, ಚುನಾವಣೆಯಿಂದ ಊರು ಹಾಳಾಗಬಹುದು. ಒಂದು ಪೆನ್ಸಿಲು, ಒಂದು ಚೀಟಿ, ಎರಡು ಕಿವಿಗಳಿಂದ ಏನು ತಾನೇ ಹಾಳಾದೀತು? ಈ ಪ್ರಶ್ನೆಗೆ ಕಳೆದ ಮಳೆಗಾಲದಲ್ಲಿ ಉತ್ತರ ದೊರೆಯಿತು. ಪಕ್ಕದ ಮನೆಯ ಕಾಳೇಗೌಡರ ಭತ್ತದ ಸಸಿಮಡಿ ಹಾಳಾದೀತು!

ನಾನು ಆನೇಮಹಲ್ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು. ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಮೂವತ್ತು ವರ್ಷದಲ್ಲಿ ನಾನು ಮುಖ್ಯವಾಗಿ ಬರೆದದ್ದು ಎರಡೇ ಪದ: ಹಾಜರು, ಗೈರು. ನಿವೃತ್ತನಾದಾಗ ಧಣಿಗಳು ಒಂದು ಶಾಲನ್ನೂ, ಸ್ಟೋರಿನಲ್ಲಿ ಉಳಿದಿದ್ದ ಒಂದು ಖಾಲಿ ಹಾಜರಿ ಪುಸ್ತಕವನ್ನೂ ಕೊಟ್ಟು ಬೀಳ್ಕೊಟ್ಟರು. ಶಾಲು ನನ್ನ ಹೆಂಡತಿ ಸುಶೀಲಳ ಪಾಲಾಯಿತು. ಪುಸ್ತಕದಲ್ಲಿ ನಾನು ಪದಗಳಿಗೆ ಹಾಜರಿ ಹಾಕತೊಡಗಿದೆ.

ಆಳಿನ ಹೆಸರಿರಬೇಕಾದ ಕಡೆ ಪದ. ಅದು ಯಾರದಾದರೂ ಬಾಯಲ್ಲಿ ಮತ್ತೆ ಕೇಳಿಬಂದ ದಿನ ಒಂದು ಗುರುತು. ‘ಗೊರಬು’, ಅಂದರೆ ಎಲೆ ಹೆಣೆದು ಮಾಡಿದ ಮಳೆಯ ಹೊದಿಕೆ, ಎರಡು ವರ್ಷದಲ್ಲಿ ಎರಡು ದಿನ ಹಾಜರು. ‘ಕಾವಳ’, ಅಂದರೆ ಮಂಜು ಮುಸುಕಿದ ಕತ್ತಲೆ, ದೀರ್ಘಕಾಲದ ಗೈರು.

ಗುಡುಗಿದ ಮರುದಿನ ಕಾಡಂಚಿನಲ್ಲಿ ಅಣಬೆ ಕಂಡವನ ಸಂತೋಷ ನಿಮಗೆ ಗೊತ್ತಿರಬಹುದು. ನಿನ್ನೆ ಅಲ್ಲಿ ಏನೂ ಇರಲಿಲ್ಲ. ಇಂದು ಬಿಳಿಯ ಕೊಡೆ ಬಿಚ್ಚಿ ನಿಂತಿದೆ. ಹೊಸ ಪದ ಸಿಕ್ಕಾಗ ನನಗೂ ಹಾಗೆಯೇ. ಯಾರದೋ ಬಾಯಲ್ಲಿ ಎಂಬತ್ತು ವರ್ಷದಿಂದ ಇದ್ದದ್ದು ಇಂದು ನನಗೆಂದೇ ತಲೆ ಎತ್ತಿದಂತೆ. ಆ ದಿನ ಊಟ ಬಲು ರುಚಿ.

“ರುಚಿ ಆಗ್ದೆ ಏನ್ರೀ? ಬೇಯ್ಸಿದ್ದು ನಾನು” ಎಂದು ಸುಶೀಲ ಈ ತತ್ತ್ವವನ್ನು ಅಲ್ಲೇ ಮೊಟಕುಗೊಳಿಸುತ್ತಾಳೆ.

ಅಂದು ಸೋಮವಾರ. ಮಳೆ ಕೊಂಚ ಬಿಡುವು ಕೊಟ್ಟಿತ್ತು. ಸುಶೀಲ ನಮ್ಮ ಹಸು ಗೌರಿಯ ಹಗ್ಗವನ್ನು ನನ್ನ ಕೈಗಿತ್ತಳು.

“ರೀ, ಇವಳನ್ನೂ ಕರೂನೂ ಗೌಡ್ರ ಹಕ್ಕಲಿಗೆ ಬಿಟ್ಟು ಬನ್ನಿ. ಹೋಗೋದು, ಬಿಡೋದು, ಗಳ ಹಾಕೋದು, ಬರೋದು. ಅಷ್ಟೇ.”

“ಒಂದು ಹಸು ಬಿಟ್ಟು ಬರಲು ನನಗೆ ಸೂಚನೆ ಬೇಕೇನೇ? ಇನ್ನೂರು ಆಳುಗಳನ್ನು ನಿಭಾಯಿಸಿದವನು ನಾನು!”

“ಆಳುಗಳು ಹುಲ್ಲು ತಿನ್ನಲ್ಲ ಕಣ್ರೀ.”

ಗೌಡರ ಹಕ್ಕಲೆಂದರೆ ಸುತ್ತ ಬೇಲಿ ಹಾಕಿ ಹುಲ್ಲಿಗೆ ಬಿಟ್ಟ ಬೀಳು ಜಾಗ. ಅದರ ಕೆಳಗೇ ಅವರ ಗದ್ದೆ. ಬೇಲಿಯ ಬಾಯಿಗೆ ಎರಡು ಕಂಬ, ಕಂಬಗಳಲ್ಲಿ ತೂತು, ತೂತಿನಿಂದ ತೂತಿಗೆ ಅಡ್ಡಲಾಗಿ ತೂರಿಸಿದ ಮೂರು ಬಿದಿರು ಗಳ. ಎಳೆದರೆ ದಾರಿ, ತೂರಿಸಿದರೆ ಬೇಲಿ. ನಾನು ಇದನ್ನು ಅಂದಿನವರೆಗೂ ಗೇಟು ಎನ್ನುತ್ತಿದ್ದೆ. ಹುಟ್ಟಿದ್ದು ಆಲೂರಿನಿಂದಾಚೆ ಬಯಲಲ್ಲಿ, ಬದುಕಿದ್ದು ಎಸ್ಟೇಟಿನ ಕಬ್ಬಿಣದ ಗೇಟಿನೊಳಗೆ, ಈ ಊರು ಸೇರಿದ್ದು ನಿವೃತ್ತನಾದ ಮೇಲೆ. ಇದಕ್ಕೆ ಬೇರೆ ಹೆಸರಿರಬಹುದೆಂಬ ಅನುಮಾನವೇ ನನಗೆ ಬಂದಿರಲಿಲ್ಲ.

ಗಳ ಎಳೆದು ಕೆಳಗೆ ಹಾಕಿ ಗೌರಿಯನ್ನೂ ಕರುವನ್ನೂ ಒಳಗೆ ಬಿಟ್ಟೆ. ಬೇಲಿಯ ಬಳಿ ಗೌಡರ ತಾಯಿ ನಿಂಗಜ್ಜಿ ಕೆಸುವಿನ ಸೊಪ್ಪು ಕುಯ್ಯುತ್ತಿದ್ದರು.

“ಉಣುಗೋಲು ಹಾಕಿ ಬಾ, ರೈಟ್ರಪ್ಪ.”

ನಾನು ನಿಂತಲ್ಲೇ ನಿಂತೆ. “ಏನಂದ್ರಿ ಅಜ್ಜಿ?”

“ಉಣುಗೋಲು ಕಣಪ್ಪ. ಹಾಕಿ ಬಾ.”

ಉಣುಗೋಲು! ಎಂಟು ವರ್ಷದಿಂದ ದಿನಕ್ಕೆರಡು ಬಾರಿ ಎಳೆದು ತೂರಿಸಿದ ವಸ್ತುವಿಗೆ ಇಷ್ಟು ಚಂದದ ಹೆಸರಿದೆ, ಯಾರೂ ನನಗೆ ತಿಳಿಸಿಲ್ಲ! ಜೇಬಿನಿಂದ ಚೀಟಿ ತೆಗೆದೆ.

“ಈ ಕಂಬಕ್ಕೆ ಏನಂತೀರಿ ಅಜ್ಜಿ?”

“ಕಂಬ.”

“ಈ ತೂತಿಗೆ?”

“ತೂತು ಅಂತೀವಿ. ನಿಮ್ಮೂರಲ್ಲಿ ಏನಂತಾರೆ?”

ಈ ಭಾಗದ ಸಂಶೋಧನೆಯನ್ನು ಅಲ್ಲಿಗೇ ಮುಕ್ತಾಯಗೊಳಿಸಿ, ಪದ, ಅರ್ಥ, ಕೊನೆಗೆ ಪ್ರಯೋಗ, ಎಲ್ಲವನ್ನೂ ದುಂಡಗೆ ಬರೆದೆ. ಪ್ರಯೋಗಕ್ಕೆ ಅಜ್ಜಿಯ ವಾಕ್ಯವನ್ನೇ ಎತ್ತಿಕೊಂಡೆ: “ಉಣುಗೋಲು ಹಾಕಿ ಬಾ.” ಅದು ನನಗೇ ಹೇಳಿದ ಮಾತೆಂಬುದು ಆಗ ಹೊಳೆಯಲಿಲ್ಲ.

“ಬರ್ಕಂಡ್ಯಾ? ಈಗ ಹಾಕು.”

“ಒಂದೇ ನಿಮಿಷ. ಬೇಲಿಗೆ ಮೆಟ್ಟಿಲ ಹಾಗೆ ಕಲ್ಲು ಇಟ್ಟಿರುತ್ತಾರಲ್ಲ ಅಜ್ಜಿ, ಮನುಷ್ಯರು ಮಾತ್ರ ಹತ್ತಿ ಇಳಿಯೋದಕ್ಕೆ, ಅದಕ್ಕೂ ಹೆಸರಿದೆಯೇ?”

“ಇಲ್ದೆ ಏನು? ತಡಬೆ. ಆ ಮೂಲೇಲಿ ಒಂದೈತೆ. ಮೊದ್ಲು ಇದ್ನ ಹಾಕು ಮಾರಾಯ, ನನ್ ಕೈಲಿ ಗಳ ಎತ್ತಕ್ಕಾಗಲ್ಲ...”

ತಡಬೆ! ಒಂದೇ ಬೆಳಿಗ್ಗೆ ಎರಡು ಪದ! ಅಜ್ಜಿಯ ವಾಕ್ಯ ಮುಗಿಯುವುದರೊಳಗೆ ನಾನು ಹಕ್ಕಲಿನ ಆ ಮೂಲೆ ತಲುಪಿದ್ದೆ. ವಸ್ತುವನ್ನು ಬಳಸಿ ನೋಡದೆ ಅರ್ಥ ಬರೆಯುವುದು ಬೇಜವಾಬ್ದಾರಿತನ. ಆದ್ದರಿಂದ ಮೂರು ಬಾರಿ ಹತ್ತಿದೆ, ಮೂರು ಬಾರಿ ಇಳಿದೆ. ನಾಲ್ಕನೆಯ ಬಾರಿ ಮೇಲೆ ನಿಂತಿದ್ದಾಗ ಕಾಳೇಗೌಡರ ಕೂಗು ಕೇಳಿಸಿತು.

“ರೈಟ್ರೇ! ಅಗೆ! ನನ್ ಅಗೆ ಹೋಯ್ತು!”

ಅಗೆ ಎಂದರೆ ಭತ್ತದ ಎಳೆಯ ಸಸಿ. ಸತ್ಯವನ್ನೇ ಹೇಳುತ್ತೇನೆ: ಆ ಕ್ಷಣದಲ್ಲೂ ನನ್ನ ಕೈ ಪೆನ್ಸಿಲಿನ ಕಡೆಗೆ ಹೋಯಿತು.

ಕೆಳಗೆ ನೋಡಿದರೆ ಗೌರಿ ಗೌಡರ ಸಸಿಮಡಿಯ ನಡುವೆ ನಿಂತು, ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಕುಳಿತ ಬೀಗರಂತೆ ಸಾವಧಾನವಾಗಿ ಊಟ ಮಾಡುತ್ತಿದ್ದಳು. ಕರು ಇನ್ನೂ ಅಂಚಿನಲ್ಲೇ ಇತ್ತು. ಅದನ್ನಾದರೂ ತಡೆಯೋಣವೆಂದು ಓಡಿಹೋಗಿ ಎದುರಿಗೆ ಕಂಕುಳಲ್ಲಿದ್ದ ಕೊಡೆ ಬಿಚ್ಚಿದೆ. ಕರು ಬೆಚ್ಚಿ, ಮಡಿಯ ಉಳಿದರ್ಧವನ್ನು ತುಳಿದುಕೊಂಡು ಓಡಿತು. ನಾನು ಅದರ ಹಿಂದೆ ಓಡಿದೆ. ಜಾರಿದೆ. ಗೌರಿಯೂ ಕರುವೂ ಸೇರಿ ಉಳಿಸಿದ್ದ ಒಂದು ಮೂಲೆಯ ಮೇಲೆ ನಾನು ಬಿದ್ದೆ.

ಗೌಡರು ಬೈದಿದ್ದರೆ ಚೆನ್ನಾಗಿತ್ತು. ಅವರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು.

“ಗುರುವಾರ ನಾಟಿ ಇಟ್ಕಂಡಿದೀನಿ. ನಾಕು ಮನೆಯಿಂದ ಮುಯ್ಯಾಳು ಬರ್ತಾರೆ. ಈಗ ಏನ್ ನೆಡ್ಸ್ಲಿ ರೈಟ್ರೇ? ನಿಮ್ ಪುಸ್ತಕ ನೆಡ್ಸ್ಲಾ?”

ಮುಯ್ಯಾಳು ಎಂದರೆ ಕೂಲಿಯಿಲ್ಲದ ಲೆಕ್ಕ; ನಿಮ್ಮ ಗದ್ದೆಗೆ ನಾನು, ನನ್ನ ಗದ್ದೆಗೆ ನೀವು. ಗುರುವಾರ ತಪ್ಪಿದರೆ ಆ ನಾಲ್ಕು ಮನೆಯವರಿಗೂ ಅವರವರ ನಾಟಿ ಶುರುವಾಗುತ್ತದೆ, ಮತ್ತೆ ಕೈಗೆ ಸಿಗುವುದಿಲ್ಲ. ಹೊಸದಾಗಿ ಬಿತ್ತಿ ಸಸಿ ಎಬ್ಬಿಸುವಷ್ಟರಲ್ಲಿ ಮಳೆ ಹಿಂದಾಗುತ್ತದೆ. ಒಟ್ಟಿನಲ್ಲಿ ಗೌಡರ ಗದ್ದೆ ಆ ವರ್ಷ ಬೀಳು! ನಾನು ಏನೋ ಹೇಳಲು ಬಾಯಿ ತೆರೆದೆ. ಇಡೀ ಹಾಜರಿ ಪುಸ್ತಕದಲ್ಲಿ ಆ ಹೊತ್ತಿಗೆ ಒದಗುವ ಒಂದೇ ಒಂದು ಪದವಿರಲಿಲ್ಲ.

ಅಷ್ಟರಲ್ಲಿ ಸುಶೀಲ ಬಂದಳು. ಮಡಿ ನೋಡಿದಳು, ಗೌರಿಯನ್ನು ನೋಡಿದಳು, ಕೆಸರಿನ ವಿಗ್ರಹದಂತೆ ನಿಂತಿದ್ದ ನನ್ನನ್ನು ನೋಡಿದಳು.

“ಗೌಡ್ರೇ, ಎಲ್ರೂ ಒಂದು ಹಿಡಿ ಜಾಸ್ತಿನೇ ಬಿತ್ತಿರ್ತಾರೆ. ನಾಕು ಮನೇಲೂ ಮಿಗೋ ಅಗೆ ಕೇಳ್ತೀನಿ.”

“ಸುಮ್ನೆ ಹೆಂಗ್ ಕೊಡ್ತಾರವ್ವ? ಅಗೆಗೆ ಬದ್ಲು ಏನ್ ಕೊಡ್ತೀಯ?”

“ಇವ್ರನ್ನ ಕೊಡ್ತೀನಿ.”

ಹೀಗೆ ಅರವತ್ತೆರಡನೆಯ ವಯಸ್ಸಿನಲ್ಲಿ, ನನ್ನ ಅಭಿಪ್ರಾಯ ಕೇಳದೆಯೇ, ನನ್ನನ್ನು ಮುಯ್ಯಾಳಾಗಿ ನೇಮಕ ಮಾಡಲಾಯಿತು. ಸುಶೀಲ ಮನೆ ಮನೆ ತಿರುಗಿದಳು. ಮೂರು ಮನೆಯವರು ಮನೆಗೆ ಒಂದು ದಿನದಂತೆ ನನ್ನನ್ನು ಒಪ್ಪಿಕೊಂಡರು. ನಾಲ್ಕನೆಯ ಮನೆಯ ಹೆಂಗಸು ಮಾತ್ರ ಕೈಮುಗಿದಳಂತೆ. “ಅಗೆ ಎಷ್ಟ್ ಬೇಕಾದ್ರೂ ಕಿತ್ಕಂಡ್ ಹೋಗಿ ಅಕ್ಕ. ಅವ್ರನ್ನ ಮಾತ್ರ ಕಳಿಸ್ಬೇಡಿ.”

ಗುರುವಾರ ಗೌಡರ ಗದ್ದೆಗೆ ನಾಟಿ ನಡೆಯಿತು. ನಾಲ್ಕು ಮನೆಯ ಅಗೆ, ನಾಲ್ಕು ಬಗೆಯ ಹಸಿರು. ನಾನೂ ಇಳಿದೆ. ಅರ್ಧ ಗಂಟೆಯಲ್ಲಿ ಸೊಂಟ ಅಸ್ತಿತ್ವದಲ್ಲಿಲ್ಲವೆನಿಸಿತು; ಒಂದು ಗಂಟೆಯಲ್ಲಿ ಅದೊಂದೇ ಅಸ್ತಿತ್ವದಲ್ಲಿದೆ ಎನಿಸಿತು. ನಾನು ನೇರವಾಗಿ ನೆಡುತ್ತಿದ್ದೇನೆಂದೇ ನಂಬಿದ್ದೆ. ಸಾಲು ಮಾತ್ರ ಘಾಟಿ ರಸ್ತೆಯ ಹಾಗೆ ತಿರುಗುತ್ತಿತ್ತು.

ಆದರೆ ಪದಗಳು! ಅಗೆಯ ಕಟ್ಟನ್ನು ಒಬ್ಬಳು ‘ಸೂಡಿ’ ಎಂದಳು. ಏರಿಯಂತಿದ್ದ ದೊಡ್ಡ ಅಂಚನ್ನು ಇನ್ನೊಬ್ಬಳು ‘ತೆವರಿ’ ಎಂದಳು. ಇಡೀ ವರ್ಷ ಚೀಟಿ ಹಿಡಿದು ಊರೂರು ಅಲೆದರೂ ಸಿಗದಷ್ಟು ಪದ ಒಂದೇ ಬೆಳಿಗ್ಗೆ ತಲೆಯ ಮೇಲೆ ಸುರಿದವು. ಬರೆದುಕೊಳ್ಳಲು ಕೈಯಿಲ್ಲ! ಎರಡೂ ಮೊಣಕೈತನಕ ಕೆಸರು.

“ಬರ್ಕಳಿ ರೈಟ್ರೇ, ಬರ್ಕಳಿ!” ಎಂದು ಹೆಂಗಸರು ನಕ್ಕರು. ತೆವರಿಯ ಮೇಲೆ ಕುಳಿತಿದ್ದ ನಿಂಗಜ್ಜಿ, “ಸುಮ್ನಿರ್ರೇ, ಈಗ್ಲಾದ್ರೂ ನೆಡ್ಲಿ” ಎಂದರು.

ಅಚ್ಚರಿಯೆಂದರೆ, ಬರೆಯದಿದ್ದರೂ ಆ ಪದಗಳಲ್ಲಿ ಒಂದೂ ಮರೆತುಹೋಗಲಿಲ್ಲ. ಸೊಂಟ ನೆನಪಿಟ್ಟುಕೊಂಡಿತ್ತು. ಒಪ್ಪಿದಂತೆ ಮೂರು ಮನೆಯಲ್ಲೂ ದುಡಿದು ಮುಯ್ಯಿ ತೀರಿಸಿದೆ. ಗೌಡರ ಗದ್ದೆಯೂ ಬೇರು ಹಿಡಿದು ಒಂದೇ ಹಸಿರಿಗೆ ಬಂತು. ಈಗ ದಾರಿಯಲ್ಲಿ ಸಿಕ್ಕವರು ಅವರಾಗಿಯೇ ನಿಲ್ಲಿಸಿ, “ಇದು ಗೊತ್ತಾ ನಿಮ್ಗೆ?” ಎಂದು ಒಂದೊಂದು ಪದ ಕೊಟ್ಟು ಹೋಗುತ್ತಾರೆ. ‘ಕಾವಳ’ ಕೂಡ ಒಂದು ದಿನ ಹಾಜರಾಯಿತು.

ಮೊನ್ನೆ ಸಂಜೆ ಗೌರಿಯನ್ನು ಹೊಡೆದುಕೊಂಡು ಬರಲು ಹಕ್ಕಲಿಗೆ ಹೋಗಿದ್ದೆ. ಪಕ್ಕದ ತೋಟದಲ್ಲಿ ಯಾರೋ ಯಾರನ್ನೋ ಗದರುತ್ತಿದ್ದರು. “ಏನೋ ಇದು, ಕಾಫಿ ಗಿಡಕ್ಕೆ ಗುಂಡಿ ತೆಗಿ ಅಂದ್ರೆ ಹಿಂಗೆ ರೈಟರ್ ಸಾಲು ಹೊಡ್ದಿದೀಯ?”

ರೈಟರ್ ಸಾಲು! ಇದುವರೆಗೆ ಎಲ್ಲೂ ಕೇಳಿರದ ಪದ! ಅರ್ಥವನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಮನೆಗೆ ಧಾವಿಸಿ ಹಾಜರಿ ಪುಸ್ತಕ ತೆರೆದೆ. ‘ಉಣುಗೋಲು’ ಇದ್ದ ಪುಟವೇ ತೆರೆದುಕೊಂಡಿತು. ಕಂಬ, ತೂತು, ಗಳ ಎಂದು ನಾನು ಆರು ಸಾಲು ಬರೆದಿದ್ದ ಅರ್ಥದ ಕೆಳಗೆ ಸುಶೀಲಳ ಅಕ್ಷರದಲ್ಲಿ ಒಂದೇ ಸಾಲು ಸೇರಿತ್ತು: ‘ದಾಟಿದ ಮೇಲೆ ಹಾಕಬೇಕು.’

ಇವತ್ತು ಹಾಕಿದೆನೋ, ಇಲ್ಲವೋ? ಪುಸ್ತಕ ಬಿಸುಟು, ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಹಾಕಿತ್ತು. ಮೂರು ಗಳಗಳೂ ಭದ್ರವಾಗಿದ್ದವು. ಅವುಗಳ ಆಚೆ, ಮನೆಗೆ ಕರೆದೊಯ್ಯಲು ಬಂದವನು ಬರಿಗೈಯಲ್ಲಿ ಹೋದದ್ದೇಕೆಂದು ತಿಳಿಯದೆ, ಗೌರಿ ನನ್ನನ್ನೇ ನೋಡುತ್ತ ನಿಂತಿದ್ದಳು.