ಒಣದ್ರಾಕ್ಷಿ ಶೆಡ್ಡಿನಲ್ಲಿ ನಾಲ್ಕು ಖೋಲಿ

ನಾಲ್ಕು ಸ್ಟೀಲ್ ಬಟ್ಟಲು. ಪ್ರತಿಯೊಂದರಲ್ಲೂ ಅಳೆದು ಹಾಕಿದ ಒಂದು ಲೋಟ ಉಗುರುಬೆಚ್ಚಗಿನ ಹಾಲು, ಅರ್ಧ ಚಮಚ ಹೆಪ್ಪು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು. ಬೆಳಿಗ್ಗೆ ಎಂಟಕ್ಕೆ ಒಂದೊಂದು ಖೋಲಿಯ, ಅಂದರೆ ಕೋಣೆಯ, ನಡುವೆ ಒಂದೊಂದು ಬಟ್ಟಲು ಇಡುವುದು; ಮಧ್ಯಾಹ್ನ ಎರಡಕ್ಕೆ ಬೆರಳದ್ದಿ ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ಫಲಿತಾಂಶ ಹೇಳುವುದು.

"ಮೂರನೇ ಖೋಲಿ ಸುಡಾಕತ್ತೈತಿ ಬೇ. ಮೊಸರ ಹುಳಿ ಬಂತು. ಒಂದನೇದು ಭೇಷ್, ಸಕ್ರಿ ಹಾಕಿಧಂಗ ಐತಿ!"

ಮೊಸರಿನಿಂದ ಕಟ್ಟಡದ ಬಿಸಿ ಅಳೆಯುವ ಮನುಷ್ಯರು ಜಗತ್ತಿನಲ್ಲಿ ಒಬ್ಬರೇ ಇರಬಹುದು, ಮತ್ತು ಅವರು ನನ್ನ ಅಪ್ಪನ ತಮ್ಮ. ನಾನು ವಾಸ್ತುಶಿಲ್ಪ ಓದಿದವಳು; ಇಂಥದ್ದನ್ನು ಸುಮ್ಮನೆ ನಂಬುವವಳಲ್ಲ. ಓದಿದ ಕಾಲೇಜಿನಿಂದ ಗಂಟೆಗಂಟೆಗೂ ಉಷ್ಣತೆ ಬರೆದಿಡುವ ಪುಟ್ಟ ಯಂತ್ರಗಳನ್ನು ಕೇಳಿ ತಂದು, ಕಾಕಾನಿಗೆ ಹೇಳದೆ ನಾಲ್ಕೂ ಖೋಲಿಗಳಲ್ಲಿ ತೂಗುಹಾಕಿದೆ. ಒಂದು ವಾರದ ನಂತರ ನೋಡಿದರೆ ಯಂತ್ರವೂ ಮೊಸರೂ ಒಂದೇ ಉತ್ತರ ಕೊಟ್ಟಿದ್ದವು! ವ್ಯತ್ಯಾಸ ಇಷ್ಟೇ: ಯಂತ್ರವನ್ನು ಕಡೆದರೆ ಮಜ್ಜಿಗೆ ಆಗುವುದಿಲ್ಲ.

ಹೊನವಾಡದ ನಮ್ಮ ದ್ರಾಕ್ಷಿ ತೋಟದ ಮೂಲೆಯಲ್ಲಿ ದ್ರಾಕ್ಷಿ ಒಣಗಿಸುವ ಒಂದು ಹಳೆಯ ಶೆಡ್ಡಿದೆ. ಕಬ್ಬಿಣದ ಕಂಬ, ಫರಸಿ ಕಲ್ಲಿನ ನೆಲ, ಮೇಲೆ ತಗಡು, ನಡುವೆ ಒಂದರ ಮೇಲೊಂದು ಬಲೆಯ ಅಟ್ಟಣಿಗೆ. ಗೋಡೆ ಇಲ್ಲ. ಗೋಡೆ ಇದ್ದರೆ ಗಾಳಿ ಆಡುವುದೆಲ್ಲಿ, ದ್ರಾಕ್ಷಿ ಒಣಗುವುದೆಲ್ಲಿ? ರಸ್ತೆಯ ಹತ್ತಿರ ಹೊಸ ಶೆಡ್ ಕಟ್ಟಿದ ಮೇಲೆ ಇದು ಖಾಲಿ ನಿಂತಿತು. ಎರಡು ವರ್ಷ ಅದನ್ನೇ ದಿಟ್ಟಿಸಿ ನೋಡಿದ ಕಾಕಾ ಒಂದು ದಿನ ಊಟದ ನಡುವೆ ಘೋಷಿಸಿದರು.

"ಗೋಳಗುಮ್ಮಟ ನೋಡಾಕ ದೇಶದ ಮಂದಿ ಬರ್ತಾರ. ಅವ್ರು ನಮ್ಮ ಶೆಡ್ಡಿನ್ಯಾಗ ಮಲಗಲಿ."

ಅಪ್ಪ ರೊಟ್ಟಿ ಕೆಳಗಿಟ್ಟರು. "ಲೇ, ಮಂದಿ ಏನ್ ದ್ರಾಕ್ಷಿ ಗೊನಿ ಅಂದ್ಕೊಂಡಿಯೇನು?"

ಶೆಡ್ ಅಣ್ಣತಮ್ಮಂದಿರ ಇಬ್ಬರದೂ. ಅಪ್ಪನಿಗೆ ಅದನ್ನು ಬಿಚ್ಚಿ ತಗಡು, ಕಬ್ಬಿಣ ಮಾರಿಬಿಡುವ ಮನಸ್ಸು. ವಾರಗಟ್ಟಲೆ ಜಗಳವಾಡಿ ಕೊನೆಗೆ ಕರಾರಾಯಿತು: ಈ ಬೇಸಿಗೆ ಮುಗಿಯುವುದರೊಳಗೆ ಯಾರಾದರೂ ಪರವೂರಿನವರು ಬಂದು ಒಂದು ರಾತ್ರಿ ಉಳಿಯಬೇಕು, ಮತ್ತು ತಾವಾಗಿಯೇ 'ಇನ್ನೊಂದು ದಿನ ಇರುತ್ತೇವೆ' ಅನ್ನಬೇಕು. ಹಾಗೆ ಅಂದರೆ ಶೆಡ್ ಕಾಕಾನದು. ಇಲ್ಲವಾದರೆ ಹಳೆ ಕಬ್ಬಿಣದವನಿಗೆ ಫೋನ್.

ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಕೂತು ನಾನು ನಕ್ಷೆ ಬರೆದೆ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೀಲಿ ಬಾಣಗಳನ್ನು ಬಹಳ ಶ್ರದ್ಧೆಯಿಂದ ಹಾಕಿದ್ದೆ. ಬಸ್ಸಿನಲ್ಲಿ ಮಡಚದೆ ಒಯ್ದು ತೋರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿದರು.

"ಭಾಳ ಚಂದ ತಗದೀ. ಖರೇ ಹೇಳು, ನೀ ಬಾಣಾ ತಗದೀ ಅಂತ ಗಾಳಿ ಅಲ್ಲೇ ಬರ್ತೈತೇನು?"

ಮರುದಿನದಿಂದ ಅವರು ಹಿಡಿಗಟ್ಟಲೆ ಊದಿನಕಡ್ಡಿ ಹಚ್ಚಿಕೊಂಡು ಶೆಡ್ಡನ್ನು ಸುತ್ತತೊಡಗಿದರು. ಕಂಬಕ್ಕೊಮ್ಮೆ ನಿಂತು, ಹೊಗೆ ಯಾವ ಕಡೆ ಬಾಗುತ್ತದೆ ಎಂದು ನೋಡಿ, ಕಂಬಕ್ಕೆ ಸುಣ್ಣದ ಗುರುತು ಹಾಕುವುದು. ಸುಡುಬಿಸಿಲಿನಲ್ಲಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ತುಟಿ ಅಲುಗಿಸುತ್ತಾ ಪ್ರದಕ್ಷಿಣೆ! ಎಣಿಕೆ ತಪ್ಪಬಾರದೆಂದು ಅವರು ಕಂಬ ಎಣಿಸುತ್ತಿದ್ದರು, ಅಷ್ಟೇ. ನಾಲ್ಕನೆಯ ದಿನ ಪಕ್ಕದ ಹೊಲದ ಮುದುಕಿ ಹಣ್ಣುಕಾಯಿ ತಂದು ಮೂಲೆಗಂಬದ ಬುಡದಲ್ಲಿ ಕಾಯಿ ಒಡೆದು ಕೈಮುಗಿದಳು.

"ಕಾಕಾ, ನೀವು ಬೇಡ ಅನ್ನಲಿಲ್ಲವೇ?" ಎಂದೆ.

"ಯಾಕ ಅನ್ಲಿ? ಗಾಳಿ ದೇವ್ರಲ್ಲೇನು?" ಎಂದರು, ಕೊಬ್ಬರಿ ಅಗಿಯುತ್ತಾ.

ಅವರ ಮನೆಯಲ್ಲಿ ಹಳೆಯ ವಸ್ತು ಎಂಬುದೇ ಇಲ್ಲ. ವರ್ಗಾವಣೆಗೆ ಕಾಯುತ್ತಿರುವ ವಸ್ತುಗಳಿವೆ, ಅಷ್ಟೇ. ಒಣಗಿಸುವ ಬಲೆಗಳು ಮಂಚಗಳಾಗಿ ಬಡ್ತಿ ಪಡೆದವು. ದ್ರಾಕ್ಷಿ ಕ್ರೇಟುಗಳು ಕಪಾಟುಗಳಾದವು. ಬಿದ್ದ ಬದುವಿನ ಕಲ್ಲು, ಹೊಲದ ಮಣ್ಣು ಸೇರಿ ನಾಲ್ಕು ಖೋಲಿಗಳಿಗೆ ಎದೆಯೆತ್ತರದ ಗೋಡೆಗಳಾದವು. ಅದರ ಮೇಲೆ ಸೂರಿನವರೆಗೆ ಬರೀ ಬಲೆ. ತಗಡಿಗೆ ಹೊರಗಿನಿಂದ ಬಿಳಿ ಸುಣ್ಣ, ಒಳಗಿನಿಂದ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ. ನಡುವಿನ ಬಿಸಿಗಾಳಿ ಎರಡೂ ತುದಿಯಿಂದ ಓಡಿಹೋಗಬೇಕು. ವಿಜಯಪುರದಲ್ಲಿ ಎಲ್ಲಿ ಹಳೆ ಮನೆ ಕೆಡವಿದರೂ ಕಾಕಾ ಸಾವಿನ ಮನೆಗೆ ಹೋದಂತೆ ಮುಖ ಮಾಡಿಕೊಂಡು ಹೋಗಿ, ಬಾಗಿಲು ಹೊತ್ತುಕೊಂಡು ಮದುವೆಯಿಂದ ಬಂದಂತೆ ಮರಳುತ್ತಿದ್ದರು. ಒಂದು ಬಾಗಿಲಂತೂ ನನ್ನ ಹಣೆಯಷ್ಟೇ ಎತ್ತರ.

"ಎತ್ತರದವರು ತಲೆ ಹೊಡೆಸಿಕೊಳ್ಳುತ್ತಾರೆ ಕಾಕಾ."

"ಒಮ್ಮೆ ಹೊಡಸ್ಕೊಂತಾರ. ಆಮ್ಯಾಲ ಜಲ್ಮಪೂರ್ತಿ ಬಗ್ಗಿ ನಡೀತಾರ. ಒಳ್ಳೇದಲ್ಲೇನು?"

ಇರುವ ಕಟ್ಟಡವನ್ನು ಉಳಿಸಿಕೊಂಡು ಬಳಸುವುದೇ ಪರಿಸರಕ್ಕೆ ಅತಿ ಕಡಿಮೆ ಹೊರೆ ಎಂದು ನಾನು ಪರೀಕ್ಷೆಯಲ್ಲಿ ಮೂರು ಪುಟ ಬರೆದಿದ್ದೆ. ಕಾಕಾ ಅದನ್ನೇ ಬೀಡಿ ಹಚ್ಚುವಷ್ಟರಲ್ಲಿ ಹೇಳಿದರು: "ನಿಂತದ್ದನ್ನ ಕೆಡವಬಾರ್ದು. ಅದರ ಬಗಲಾಗ ಕುಂತು, ನಿನಗೇನ್ ಬೇಕಪಾ ಅಂತ ಕೇಳ್ಬೇಕು."

ಮಾರ್ಚ್‌ನಲ್ಲಿ ಮೊದಲ ಪರೀಕ್ಷೆ. ಅಪ್ಪ ಮಧ್ಯಾಹ್ನ ಊಟ ಮಾಡಿ ಒಂದನೇ ಖೋಲಿಯಲ್ಲಿ ಮಲಗಿದರು. ಗಾಳಿ ಎಂಥ ಗಾಳಿ! ಹಾಸಿಗೆಯ ಹೊದಿಕೆ ಧ್ವಜದಂತೆ ಹಾರುತ್ತಿತ್ತು. ಎರಡು ಗಂಟೆಯ ನಂತರ ಅಪ್ಪ ಹೊರಗೆ ಬಂದರು. ತುಟಿ ಒಡೆದಿತ್ತು, ಕಣ್ಣು ಕೆಂಪಗಿತ್ತು, ಮುಖದ ಚರ್ಮ ಬಿಗಿದು ಮುಗುಳ್ನಗೆಯ ಹಾಗೆ ಕಾಣುತ್ತಿತ್ತು. ಅದು ಮುಗುಳ್ನಗೆಯಾಗಿರಲಿಲ್ಲ.

"ಇನ್ನೊಂದ್ ಮೂರ್ ದಿನಾ ಬಿಟ್ಟಿದ್ರ ನನ್ನೂ ಕಿಲೋ ಲೆಕ್ಕದಾಗ ಮಾರಬಹುದಿತ್ತಲೇ!"

ತಪ್ಪು ನಮ್ಮಿಬ್ಬರದೂ. ನಾನು ಬಾಣಗಳಲ್ಲಿ, ಅವರು ಊದಿನಕಡ್ಡಿಯಲ್ಲಿ ಮುಳುಗಿ ಮರೆತದ್ದು ಒಂದೇ ಸಂಗತಿ: ಆ ಕಟ್ಟಡ ಹುಟ್ಟಿದ್ದೇ ಒಣಗಿಸಲು! ಮೊಸರಿಗೆ ಬಿಸಿ ತಿಳಿಯುತ್ತದೆ. ಮುಚ್ಚಳದ ಕೆಳಗೆ ಕೂತ ಅದಕ್ಕೆ ಬಾಯಾರುವುದಿಲ್ಲವಲ್ಲ.

ಗಾಳಿ ಬರುವ ಕಡೆ ಗೋಣಿತಟ್ಟಿನ ಪರದೆ ಕಟ್ಟಿ ಒದ್ದೆ ಮಾಡೋಣ ಎಂದು ನಾನು ಮೆಲ್ಲಗೆ ಸೂಚಿಸಿದೆ. ಸಂಜೆ ಕಾಕಾ ತೋಟದಿಂದ ಹನಿ ನೀರಾವರಿಯ ಹಳೆ ಪೈಪು ಎಳೆದು ತಂದು ಪರದೆಯ ನೆತ್ತಿಗೆ ಕಟ್ಟಿದರು. ಹನಿ ಹನಿಯಾಗಿ ನೀರು ಗೋಣಿಯಲ್ಲಿ ಇಳಿದು, ಕೆಳಗಿನ ಕಾಲುವೆಗೆ ಬಿದ್ದು, ನಿಂಬೆಗಿಡಗಳಿಗೆ ಹೋಗತೊಡಗಿತು. ಬಿಸಿಗಾಳಿ ಗೋಣಿ ದಾಟುವಾಗ ತಣ್ಣಗಾಗಿ ಒಳಗೆ ಬಂತು. ಆ ವಾರ ನಾಲ್ಕೂ ಬಟ್ಟಲು ಸಿಹಿ. ಊರಿಗೆಲ್ಲಾ ಕಾಕಾ ಹೇಳಿದ್ದು, "ನಂಗ ಹೊಳೀತು ನೋಡ್ರಿ!" ನಾನು ತಿದ್ದಲು ಹೋಗಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಅತಿಥಿಗಳು ಬಂದರು. ಕಾರವಾರ ಕಡೆಯ ನಿವೃತ್ತ ಶಿಕ್ಷಕ ದಂಪತಿ. ಗೋಳಗುಮ್ಮಟ ನೋಡಿ, ಬಿಸಿಲಿಗೆ ಬೆಂದು ಇಳಿದಿದ್ದರು. ಅಪ್ಪ ಮೊದಲೇ ಬಂದು ನ್ಯಾಯಾಧೀಶರ ಮುಖ ಹೊತ್ತು ಬೇವಿನ ಕೆಳಗೆ ಕೂತಿದ್ದರು.

"ಎಸಿ ಇಲ್ವಾ?" ಎಂದರು ಆಕೆ.

"ಇಲ್ರಿ ಅಕ್ಕಾರ," ಎಂದರು ಕಾಕಾ. "ಮೊಸರೈತ್ರಿ."

ಆಕೆ ಗಂಡನ ಮುಖ ನೋಡಿದರು. ಗಂಡ ಬಾಗಿಲಿಗೆ ತಲೆ ಹೊಡೆಸಿಕೊಂಡು ಒಳಗೆ ಹೋದರು. ಹಿಂದೆಯೇ ಆಕೆಯೂ ಹೋದರು. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು. ಆಮೇಲೆ ಒಳಗಿನಿಂದ ಗೊರಕೆ ಕೇಳಿತು, ಅದೂ ಎರಡು ಶ್ರುತಿಯಲ್ಲಿ! ಕಾಕಾ ಅಪ್ಪನ ಕಡೆ ನೋಡಿ ಹುಬ್ಬು ಹಾರಿಸಿದರು.

"ಮಲಗ್ಯಾರ, ಅಷ್ಟ. ನಾಳೆ ಇರ್ತೀವಿ ಅಂದಿಲ್ಲ," ಎಂದರು ಅಪ್ಪ.

ಸಂಜೆ ಶೆಡ್ಡಿನ ಪಡಸಾಲೆಯಲ್ಲಿ ಚಹಾ. ಆಕೆ ತಮ್ಮ ಊರಿನ ಕಡಲಿನ ಬಗ್ಗೆ ಹೇಳುತ್ತಿದ್ದರು. ತೆರೆ, ದೋಣಿ, ಮಳೆಗಾಲದ ಸದ್ದು. ಇದ್ದಕ್ಕಿದ್ದಂತೆ ಗೋಡೆ ಮಾತಾಡಿತು.

"ಅಕ್ಕಾರ, ಆ ನೀರ ಹೊಲಕ್ಕ ಬಿಡಾಕ ಬರ್ತೈತೇನ್ರಿ?"

ಗೋಡೆಯ ಆಚೆ ಅಡುಗೆಮನೆ. ಆಚೆ ನಿಂತವರು ಕಾಕು, ಕಾಕಾನ ಹೆಂಡತಿ. ಹೊಗೆ, ಪಾತ್ರೆಯ ಸದ್ದು ಅತಿಥಿಗಳಿಗೆ ತಾಗಬಾರದೆಂದು ಆ ಗೋಡೆಯೊಂದನ್ನು ಮಾತ್ರ ಸೂರಿನವರೆಗೆ ನಾನೇ ಕಟ್ಟಿಸಿದ್ದೆ.

"ಇಲ್ಲಮ್ಮಾ, ಬರೀ ಉಪ್ಪು. ಬೆಳೆ ಸುಟ್ಟು ಹೋಗ್ತದೆ."

"ಯಪ್ಪಾ! ಅಷ್ಟ್ ನೀರಿದ್ದೂ ಉಪಯೋಗಿಲ್ಲೇನ್ರಿ!" ಕಾಕು ನಿಜಕ್ಕೂ ಮರುಗಿದರು. "ಮತ್ತ ಅದರ ಆಚಿ ದಂಡಿ ಕಾಣತೈತೇನ್ರಿ?"

ಆಕೆ ಜೋರಾಗಿ ನಕ್ಕು ಗಂಡನತ್ತ ತಿರುಗಿದರು. "ರೀ, ನಾಳೆ ಹೋಗೋದು ಬೇಡ. ಇನ್ನೊಂದು ದಿನ ಇರೋಣ. ಇವರಿಗೆ ಇನ್ನೂ ಎಷ್ಟೊಂದು ಕೇಳೋದಿದೆ."

ಅಪ್ಪ ಎದ್ದು ಧೋತರ ಕೊಡವಿದರು. "ಆತಪಾ, ಗೆದ್ದಿ. ನಂದೂ ಒಂದ್ ಹಾಸಗಿ ಹಾಸು ಲೇ, ಪರದೆ ಬಾಜೂಕ."

ಕಾಕಾ ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಯನ್ನೇ ನೋಡುತ್ತಿದ್ದರು. ಅಲ್ಲಿ ಒಂದು ಕಲ್ಲು ಇರಲಿಲ್ಲ. ಅಂಗೈಯಷ್ಟು ಕಿಂಡಿ, ಸರಿಯಾಗಿ ಕಾಕುವಿನ ಕಿವಿಯೆತ್ತರಕ್ಕೆ. ಗೋಡೆ ಕಟ್ಟಿದ ಗೌಂಡಿಯ ಅಲಕ್ಷ್ಯ ಎಂದುಕೊಂಡಿದ್ದೆ.

"ನಾನ ಬಿಡ್ಸಿದ್ದು ಬೇ," ಎಂದರು ಸಣ್ಣ ದನಿಯಲ್ಲಿ. "ಲಗ್ನ ಆದ ಹೊಸದಾಗ ಆಕಿಗಿ ಗೋಳಗುಮ್ಮಟ ತೋರಸ್ತೀನಂತ ಬಸ್ ಹತ್ಸಿದ್ದೆ. ತಿಕೋಟಾ ಮುಟ್ಟೂದ್ರಾಗ ಮೂರ್ ಸಲ ವಾಂತಿ. ಮಂದಿ ನಕ್ಕ್ರು. ಇಬ್ಬರೂ ಇಳದು ನಡಕೋಂತ ತಿರುಗಿ ಬಂದ್ವಿ. ಅವತ್ತಿಂದ ಗಾಡಿ ಹತ್ತೇ ಇಲ್ಲ ಆಕಿ. ಆದ್ರ ಯಾರರೆ ಊರಿಗಿ ಹೋಗಿ ಬಂದ್ರ ಸಾಕು, ಅಲ್ಲೇನೈತಿ, ಹೆಂಗೈತಿ ಅಂತ ಜೀವಾ ತಿಂತಾಳ." ಟವೆಲಿನಿಂದ ಮುಖ ಒರೆಸಿಕೊಂಡರು. "ಆಕಿ ಹೋಗಿ ನೋಡಾಕ ಆಗಲಿಲ್ಲ. ನೋಡಿದವ್ರರೆ ಬರಲಿ ಅಂತ ಮಾಡ್ದೆ."

ಗೋಡೆಯ ಆಚೆ ಕಾಕು, ದೋಣಿಯಲ್ಲಿ ಕೂತರೂ ವಾಂತಿ ಬರುತ್ತದೆಯೇ ಎಂದು ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಅತಿಥಿಗಳು ಏಳುವ ಮೊದಲೇ ನಾನು ಹಾರೆ ತೆಗೆದುಕೊಂಡು ಆ ಗೋಡೆಯ ಬಳಿಗೆ ಹೋದೆ. ಮಣ್ಣಿನ ಗಾರೆ, ಕಲ್ಲುಗಳು ಸಲೀಸಾಗಿ ಬಿಟ್ಟುಕೊಂಡವು. ಸೂರಿನಿಂದ ಶುರುಮಾಡಿ ಒಂದೊಂದೇ ಇಳಿಸುತ್ತಾ ಗೋಡೆಯನ್ನು ಸೊಂಟದೆತ್ತರಕ್ಕೆ ತಂದೆ. ಇಳಿಸಿದ ಕಲ್ಲುಗಳನ್ನು ಪಡಸಾಲೆಯ ಬದಿಗೆ ಜೋಡಿಸಿ, ಕಾಕು ಕಾಲು ಚಾಚಿ ಕೂರುವಷ್ಟು ಅಗಲದ ಒಂದು ಕಟ್ಟೆ ಮಾಡಿದೆ.