ಹಳೇ ಪ್ರತಿ

ಬೆಳಗ್ಗೆ ಗಡ್ಡ ಹೆರೆಸಿಕೊಳ್ಳುತ್ತಿದ್ದ ಅಪ್ಪ ಮಗನ ಕೆನ್ನೆ ಸವರಿ, "ದೊಡ್ಡೋನೇ, ಸೊರಗ್‌ಬಿಟ್ಟಿದ್ಯಲ್ಲೋ" ಎಂದ. ಅವತ್ತಿನ ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ದೊಡ್ಡವನು ಸತ್ತು ಎರಡು ವರ್ಷವಾಗಿತ್ತು. ಬ್ಲೇಡು ಹಿಡಿದಿದ್ದವನು ಚಿಕ್ಕವನು. ಅಪ್ಪನ ತಲೆಗೆ ಮರೆವು ಹೊಕ್ಕಮೇಲೆ ಆ ಸಾವನ್ನು ಯಾರೂ ನೆನಪಿಸಿರಲಿಲ್ಲ. "ಹೂಂ ಅಂದ್ಬಿಡು, ನಿನ್ ಗಂಟೇನು ಹೋಗುತ್ತೆ?" ಎನ್ನುವಳು ಅಕ್ಕ. ಅವನು ಹೂಂ ಅನ್ನುತ್ತಲೇ ಬಂದಿದ್ದ. ಒಂದೇ ಒಂದು ಸಲ ಅಪ್ಪ ತನ್ನನ್ನು ತಾನೆಂದು ಗುರುತಿಸಲಿ, ಅವನಿಗೆ ಬೇಕಿದ್ದದ್ದು ಅಷ್ಟೇ.

ಆಫೀಸಿನಲ್ಲೂ ಅದೇ ಗೋಳು. ಅವನ ಕೆಲಸ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಲ್ಲಿ. ಪದೇ ಪದೇ ಡಿಸ್ಕಿನವರೆಗೆ ಓಡಲಾರದೆ ಅದು ಬೇಕಾದ್ದರ ಪ್ರತಿಯನ್ನು ಕ್ಯಾಶೆ ಎಂಬ ಕೈಗೆಟುಕುವ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಹೊಸದು ಬಂದಾಗ ಹಳೇ ಪ್ರತಿಗೆ ರದ್ದಿನ ಗುರುತು ಬೀಳಬೇಕು. ಬೀಳುತ್ತಿರಲಿಲ್ಲ. ಜನ ಏನೇ ಬರೆದಿಟ್ಟರೂ ಯಂತ್ರ ನಿನ್ನೆಯದನ್ನೇ ತೋರಿಸುತ್ತ, ಹೋದ ವರ್ಷದ ಕ್ಯಾಲೆಂಡರ್ ನೇತುಹಾಕಿಕೊಂಡ ಅಂಗಡಿಯವನಂತೆ ನೆಮ್ಮದಿಯಾಗಿತ್ತು.

ಅದನ್ನು ಸರಿಪಡಿಸಲು ಅವನು ಕೂತದ್ದೇ ತಡ, ಒಂದು ಸಾಲು ಕೋಡ್ ನೆಟ್ಟಗೆ ಬರೆಯಲಾರದವರೆಲ್ಲ ಬಂದು, ಹೆಣ ಎತ್ತಲು ಕಾದವರಂತೆ ಕುರ್ಚಿ ಹಿಡಿದು ನಿಂತರು. ಸಂಜೆಯೊಳಗೆ ಮುಗಿಸು ಎಂದ ಮ್ಯಾನೇಜರು ಗಳಿಗೆಗೊಮ್ಮೆ ಬಂದು ಮುಗಿಯಿತೇ ಎಂದ. ಕೇಳದೆಯೇ ಸಲಹೆ ಕೊಡುವುದಕ್ಕೆ 'ಪುಕ್ಕಟೆ' ಎಂದೇ ಹೆಸರಾದ ಪಕ್ಕದ ಮೇಜಿನವನು, ಮೇಲಿನ ಸಾಲು, ಅಲ್ಲಲ್ಲ ಕೆಳಗಿನ ಸಾಲು ಎಂದು ಮೂಗು ತೂರಿಸಿ ತೂರಿಸಿ, ರದ್ದಿನ ಗುರುತನ್ನು ತಪ್ಪು ಪ್ರತಿಗೆ ಹಾಕಿಸಿಬಿಟ್ಟ. ಯಂತ್ರ ಹೊಸದನ್ನು ಎಸೆದು ಹಳೆಯದನ್ನು ಎದೆಗವಚಿಕೊಂಡಿತು. ಮ್ಯಾನೇಜರು ಪರೀಕ್ಷೆಗೆಂದು ಕೊಟ್ಟಿದ್ದ ವರದಿ ಗುಳುಂ. ಬೈಗುಳ ಮಾತ್ರ ದಾರಿ ತಪ್ಪದೆ ಇವನ ಮೇಜಿಗೇ ಬಂತು.

ಇವನು ಎಲ್ಲರನ್ನೂ ಅಟ್ಟಿ, ಗುರುತನ್ನು ಹಳೆಯದಕ್ಕೆ ಹಾಕಿದ. ಸರಿಹೋಯಿತು. ಒಬ್ಬನ ಬಾಯಲ್ಲೂ ಶಹಭಾಸ್ ಇಲ್ಲ. "ನಾನ್ ಆಗ್ಲೇ ಹೇಳ್ಲಿಲ್ವಾ?" ಎಂದ ಪುಕ್ಕಟೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಮಾತು. ಹಳೆಯದು ರದ್ದಾಯಿತೆಂದು ಯಾರೂ ಹೇಳದಿದ್ದರೆ ಯಂತ್ರಕ್ಕಾಗಲಿ ಅಪ್ಪನಿಗಾಗಲಿ ತಿಳಿಯುವುದು ಹೇಗೆ?

ಅಕ್ಕ ಬೇಡ ಬೇಡವೆನ್ನುತ್ತಿದ್ದರೂ ಅಪ್ಪನ ಮುಂದೆ ಮಂಡಿಯೂರಿದ. ಅಣ್ಣ ಸತ್ತ ಎನ್ನಲು ಬಾಯಿ ತೆರೆದವನು ಅಣ್ಣ ಎಂಬ ಮಾತನ್ನು ಬಿಟ್ಟು ಸುತ್ತುಬಳಸಿ ಹೇಳಿದ.

"ಅಪ್ಪಾ, ನಮ್ಮಿಬ್ರಲ್ಲಿ ಒಬ್ಬ ಹೋಗ್ಬಿಟ್ಟ ಕಣಪ್ಪಾ. ಇರೋದು ನಾನೊಬ್ನೇ."

ಮಾತು ಅಪ್ಪನಿಗೆ ನಿಜವಾಗಿಯೂ ನಾಟಿತು. ಮಗನ ತಲೆಯನ್ನು ಎದೆಗವಚಿಕೊಂಡ.

"ಚಿಕ್ಕೋನು ಹೋದ್ನಾ," ಎಂದು ಬಿಕ್ಕಿದ. "ಪಾಪ, ಯಾವತ್ತೂ ಏನೂ ಕೇಳ್ದೋನಲ್ಲ. ನೀನಾದ್ರೂ ಉಳಿದ್ಯಲ್ಲ, ದೊಡ್ಡೋನೇ."

ಎರಡು ವರ್ಷದ ಮೇಲೆ ಆ ಬಾಯಲ್ಲಿ ಚಿಕ್ಕವನ ಸುದ್ದಿ ಬಂದಿತ್ತು. ಬಾಗಿಲಲ್ಲಿ ನಿಂತ ಅಕ್ಕ ಕಣ್ಣಲ್ಲೇ ಸನ್ನೆ ಮಾಡಿದಳು.

"ಹೂಂ," ಎಂದ ಅವನು.